ಕೊನೆಯ ಆಲೂಗಡ್ಡೆ

ಈ ಊರಿನ ಐರಿಶ್ ಪಬ್ಬುಗಳ ಬಗ್ಗೆ ಮಾತಾಡುವ ಹಕ್ಕು ನನಗಿರುವಷ್ಟು ಇನ್ನೊಬ್ಬರಿಗಿಲ್ಲ. ಹಾಗೆಂದು ನನ್ನನ್ನು ಕುಡುಕನೆಂದುಕೊಳ್ಳಬೇಡಿ, ಒಂದು ತೊಟ್ಟು ಬಿಯರನ್ನೂ ನಾಲಿಗೆಗೆ ಸೋಕಿಸಿದವನಲ್ಲ. ಪಬ್ಬಿನ ನೆಲಮಾಳಿಗೆಯಲ್ಲಿ ಪೀಪಾಯಿಗಳಿರುತ್ತವೆ. ಅಲ್ಲಿಂದ ಮೇಲಿನ ಕೌಂಟರಿನ ನಲ್ಲಿಯವರೆಗೆ ಪೈಪು ಹೋಗಿರುತ್ತದೆ. ಆ ಪೈಪನ್ನು ಆಗಾಗ ತೊಳೆಯದಿದ್ದರೆ ಒಳಗೆ ಲೋಳೆ ಕಟ್ಟಿ, ಬಿಯರು ಹುಳಿ ಬಂದು, ಗಿರಾಕಿಗಳು ಪಕ್ಕದ ಬೀದಿಯ ಪಬ್ಬಿಗೆ ಹೋಗುತ್ತಾರೆ. ಆ ಪೈಪು ತೊಳೆಯುವವನು ನಾನು. ಎಲ್ಲ ಪಬ್ಬುಗಳಲ್ಲೂ ನನ್ನನ್ನು ಪೈಪಣ್ಣ ಅಂತಲೇ ಕರೆಯುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರೇನೆಂದು ಕೇಳುವ ಗೋಜಿಗೆ ಯಾರೂ ಹೋಗಿಲ್ಲ.

ಪಬ್ಬು ತೆರೆಯುವ ಮೊದಲೇ ನನ್ನ ಕೆಲಸ. ಆ ಹೊತ್ತಿಗೆ ಕುರ್ಚಿಗಳೆಲ್ಲ ಮೇಜಿನ ಮೇಲೆ ಕಾಲು ಮೇಲೆ ಮಾಡಿಕೊಂಡು ಮಲಗಿರುತ್ತವೆ, ನೆಲ ಅಂಟಂಟಾಗಿರುತ್ತದೆ, ಹಿಂದಿನ ದಿನದ ನಗು, ಜಗಳ ಎಲ್ಲ ಸೇರಿ ಒಂದು ಹಳಸಲು ವಾಸನೆಯಾಗಿ ಕೂತಿರುತ್ತದೆ. ಪೈಪಿಗೆ ತೊಳೆಯುವ ದ್ರಾವಣ ತುಂಬಿಸುತ್ತೇನೆ, ನಮ್ಮವರ ಮಾತಿನಲ್ಲಿ ಅದು ಮದ್ದು. ಮದ್ದು ಕೆಲಸ ಮಾಡುವವರೆಗೆ ಕಾಯಬೇಕು, ಆಮೇಲೆ ನೀರು ತಿಳಿಯಾಗಿ ಬರುವವರೆಗೆ ಹಾಯಿಸಬೇಕು. ಆ ಕಾಯುವ ಹೊತ್ತಿನಲ್ಲಿ ಗೋಡೆ ನೋಡುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲ. ಗೋಡೆಗಳೋ, ಎಲ್ಲ ಪಬ್ಬಿನಲ್ಲೂ ಒಂದೇ. ಕಡು ಹಸಿರು ಬಣ್ಣ, ಮೊಳೆಗೆ ತೂಗುಹಾಕಿದ ತುಕ್ಕು ಹಿಡಿದ ಸೈಕಲ್ಲು, ಯಾರದೋ ಅಜ್ಜ ಅಜ್ಜಿಯರ ಕಪ್ಪು ಬಿಳುಪು ಫೋಟೋ. ಹೊಗೆಸೊಪ್ಪಿನ ಪೈಪು ಕಚ್ಚಿಕೊಂಡಿರುವ ಒಬ್ಬ ಅಜ್ಜನಂತೂ ಊರಿನ ಎಷ್ಟೋ ಪಬ್ಬುಗಳಲ್ಲಿ ಏಕಕಾಲಕ್ಕೆ ಇದ್ದಾನೆ. ಮಾಲೀಕರಲ್ಲಿ ಐರ್ಲೆಂಡ್ ಕಂಡವರು ಯಾರೂ ಇಲ್ಲ. ಅದು ಯಾವ ದಿಕ್ಕಿಗಿದೆ ಎಂದು ಒಬ್ಬನನ್ನು ಕೇಳಿದ್ದಕ್ಕೆ ಅಡುಗೆಮನೆಯ ಕಡೆ ಕೈ ತೋರಿಸಿದ್ದ.

ಆ ಅಡುಗೆಮನೆಗಳ ವಿಷಯ ಎತ್ತಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಫ್ರೀಜರಿನಿಂದ ತೆಗೆದು ಎಣ್ಣೆಗೆ ಹಾಕುವುದು, ಎಣ್ಣೆಯಿಂದ ತೆಗೆದು ತಟ್ಟೆಗೆ ಹಾಕುವುದು, ಇಷ್ಟಕ್ಕೆ ತಲೆಯ ಮೇಲೆ ಬಿಳಿ ಟೋಪಿ ಬೇರೆ. ಅಂಥ ಊರಿನಲ್ಲಿ ಒಳ್ಳೆಯ ಊಟ ಹುಡುಕುವ ಹುಚ್ಚು ಹಚ್ಚಿದವಳು ನನ್ನ ಹೆಂಡತಿ.

ಅವಳು ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗ ನೋಡಿಕೊಳ್ಳುತ್ತಿದ್ದಳು. ದಿನವಿಡೀ ಹೋಟೆಲುಗಳ ಹಾಸು ಹೊದಿಕೆಗಳ ಬಿಸಿ ಹಬೆಯಲ್ಲಿ ನಿಂತು ಬಂದವಳಿಗೆ ವಾರದ ರಜೆಯ ದಿನ ಒಲೆಯ ಮುಂದೆ ನಿಲ್ಲುವುದೆಂದರೆ ಆಗುತ್ತಿರಲಿಲ್ಲ. "ನೀವು ತೊಳೆಯೋ ಪೈಪಿನ ಪಕ್ಕದಲ್ಲಿ ಏನ್ ಬೇಯ್ತಾ ಇದೆ ಅಂತ ನೋಡೋದು ಬೇಡ್ವೇನ್ರೀ?" ಎಂದು ಒಂದು ದಿನ ಹೊರಡಿಸಿದಳು. ಅಲ್ಲಿಂದ ಪ್ರತಿ ರಜೆಗೂ ಅದೇ ನಮ್ಮ ತಿರುಗಾಟವಾಯಿತು. ಪಬ್ಬುಗಳ ನಿಜ ಹೆಸರು ನಮ್ಮ ಬಾಯಲ್ಲಿ ನಿಲ್ಲುತ್ತಿರಲಿಲ್ಲ, ನಾವೇ ಇಟ್ಟುಕೊಂಡಿದ್ದೆವು: ಕೆಂಪು ಬಾಗಿಲು, ಕುಂಟು ಮೇಜು, ಮೆಟ್ಟಿಲು ಪಬ್ಬು.

ಅವಳ ಪರೀಕ್ಷೆಗಳು ಬಹಳ ಕಟ್ಟುನಿಟ್ಟು. ಏನು ಚೆನ್ನಾಗಿದೆ ಎಂದು ಕೇಳಿದಾಗ ಮಾಣಿ "ಎಲ್ಲಾ ಚೆನ್ನಾಗಿದೆ ಮೇಡಂ" ಅಂದರೆ ತಕ್ಷಣ ಬ್ಯಾಗು ಎತ್ತಿಕೊಂಡು ಎದ್ದುಬಿಡುತ್ತಿದ್ದಳು. ಒಂದು ಚೆನ್ನಾಗಿಲ್ಲ ಅನ್ನುವ ಧೈರ್ಯ ಇಲ್ಲದ ಕಡೆ ಇನ್ನೊಂದು ಚೆನ್ನಾಗಿರುವುದಕ್ಕೆ ಸಾಧ್ಯವಿಲ್ಲ ಎಂದು ಅವಳ ವಾದ. ಎದ್ದು ಬರದೆ ಕೂತರೆ ತರಿಸುವುದು ಒಂದೇ, ಸ್ಟ್ಯೂ. ಕುರಿ ಮಾಂಸ, ಈರುಳ್ಳಿ, ಕ್ಯಾರೆಟ್ಟು, ಆಲೂಗಡ್ಡೆ ಹಾಕಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಗಟ್ಟಿ ಸಾರು. ಅದರಲ್ಲಿ ಮುಚ್ಚಿಡಲು ಏನೂ ಇಲ್ಲ, ಕೈ ಚೆನ್ನಾಗಿಲ್ಲದಿದ್ದರೆ ತುತ್ತಿಗೇ ಗೊತ್ತಾಗುತ್ತದೆ ಎನ್ನುತ್ತಿದ್ದಳು. ತಟ್ಟೆ ಬಂದ ಕೂಡಲೇ ಆಲೂಗಡ್ಡೆಯ ಮೂಲೆ ನೋಡುತ್ತಿದ್ದಳು. "ಮೂಲೆ ಸವೆದಿರಬೇಕು ರೀ, ನಿಮ್ಮ ಚಪ್ಪಲಿ ತರ. ಚೂಪಾಗಿದ್ರೆ ಬೇರೆ ಬೇಯ್ಸಿ ಆಮೇಲೆ ಹಾಕಿದಾರೆ ಅಂತ."

ನಾವು ತರಿಸುತ್ತಿದ್ದದ್ದು ಒಂದೇ ತಟ್ಟೆ, ಎರಡು ಚಮಚ. ಒಬ್ಬಳೇ ಪೂರ್ತಿ ತಿನ್ನಲಾರಳು, ಬಿಡುವುದಕ್ಕೆ ಮನಸ್ಸು ಬಾರದು. ಎದುರುಬದುರು ಕೂತು ಅವಳು ಆ ಕಡೆಯಿಂದ, ನಾನು ಈ ಕಡೆಯಿಂದ ತಿನ್ನುತ್ತಾ ನಡುವಿಗೆ ಬರುತ್ತಿದ್ದೆವು. ಕೊನೆಗೆ ಒಂದು ಆಲೂಗಡ್ಡೆ ಉಳಿಯುತ್ತಿತ್ತು. ಆಗ ಶುರುವಾಗುತ್ತಿತ್ತು ನಮ್ಮ ನಾಟಕ. ನಾನು ಚಮಚದಲ್ಲಿ ಅದನ್ನು ಅವಳ ಕಡೆಯ ಅಂಚಿಗೆ ತಳ್ಳುತ್ತಿದ್ದೆ.

"ನನ್ ಕೈಲಾಗಲ್ಲ, ನೀವೇ ತಿನ್ನಿ."

"ನಂಗೆ ಹೊಟ್ಟೆ ತುಂಬಿದೆ ಕಣೇ."

"ಹೀಗೆ ತಿನ್ಸಿ ತಿನ್ಸಿ ನನ್ನ ಪೀಪಾಯಿ ಮಾಡಿಟ್ಟಿದೀರಿ," ಎಂದು ಗೊಣಗುತ್ತಲೇ ಅದನ್ನು ಉಳಿದ ರಸದಲ್ಲೆಲ್ಲ ಹೊರಳಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಮಹಾ ತ್ಯಾಗ ಮಾಡಿದವನ ಹಾಗೆ ಹಿಂದಕ್ಕೊರಗಿ ಕೂರುತ್ತಿದ್ದೆ. ನಮ್ಮ ಮದುವೆಯಲ್ಲಿ ಜಗಳಗಳು ಬೇಕಾದಷ್ಟಿದ್ದವು, ಆದರೆ ಪ್ರತಿ ವಾರ ತಪ್ಪದೆ ಗೆಲ್ಲುತ್ತಿದ್ದ ಜಗಳ ನನ್ನ ಪಾಲಿಗೆ ಇದೊಂದೇ.

ಅವಳು ಒಂದು ಬೆಳಿಗ್ಗೆ ಲಾಂಡ್ರಿಗೆ ಹೋದವಳು ಸಂಜೆ ಮನೆಗೆ ಬರಲಿಲ್ಲ. ಹೃದಯ ನಿಂತಿತು ಎಂದರು. ಇಸ್ತ್ರಿ ಯಂತ್ರ ಇನ್ನೂ ಬಿಸಿಯಾಗಿತ್ತಂತೆ. ನಮಗೆ ಮಕ್ಕಳಿಲ್ಲ. ಬಂದವರೆಲ್ಲ ಬಂದು ಹೋದ ಮೇಲೆ ಮನೆಯಲ್ಲಿ ಉಳಿದದ್ದು ನಾನು, ಫ್ರಿಜ್ಜಿನ ಗುಂಯ್ ಸದ್ದು, ಅಷ್ಟೇ. ಅವಳ ಜತೆ ನನ್ನ ನಾಲಿಗೆಯೂ ಸತ್ತಿತು. ಏನು ಬಾಯಿಗಿಟ್ಟರೂ ಒದ್ದೆ ಕಾಗದ ಅಗಿದ ಹಾಗಾಗುತ್ತಿತ್ತು. ಅಡುಗೆಮನೆಯ ಸಿಂಕಿನ ಮುಂದೆ ನಿಂತುಕೊಂಡೇ ಬ್ರೆಡ್ಡು ತಿಂದು, ನೀರು ಕುಡಿದು, ಊಟ ಮುಗಿಯಿತು ಅಂದುಕೊಳ್ಳುತ್ತಿದ್ದೆ.

ಹೆಂಡತಿಯ ತಂಗಿ ಬೇರೆ ಊರಿನಲ್ಲಿದ್ದಾಳೆ. ಪ್ರತಿ ಸಂಜೆ ಫೋನು ಮಾಡುತ್ತಾಳೆ. ಅಕ್ಕನದೇ ಧ್ವನಿ, ಅಕ್ಕನದೇ ದಬ್ಬಾಳಿಕೆ.

"ಭಾವ, ಊಟ ಆಯ್ತಾ?"

"ಆಯ್ತಮ್ಮ."

"ಏನ್ ತಿಂದ್ರಿ?"

ನಾನು ಏನೋ ಒಂದು ಕಥೆ ಕಟ್ಟುತ್ತಿದ್ದೆ. ಸುಳ್ಳಿಗೆ ಉಪ್ಪು ಖಾರ ಸರಿಯಾಗಿ ಬೀಳುತ್ತಿರಲಿಲ್ಲವೋ ಏನೋ, ಅವಳಿಗೆ ಸಿಕ್ಕಿಬೀಳುತ್ತಿದ್ದೆ. "ಸುಮ್ನೆ ಇಲ್ಲಿಗೆ ಬಂದ್ಬಿಡಿ ಭಾವ. ಹಿಂದಿನ ರೂಮು ಖಾಲಿ ಇದೆ. ನಮ್ಮನೆಯವರೂ ಅದನ್ನೇ ಹೇಳ್ತಿದಾರೆ. ಅಲ್ಲಿ ಒಬ್ರೇ ಇದ್ದು ಒಣಗಿ ಹೋಗ್ತೀರಿ." ಅವಳ ಮಾತಿನಲ್ಲಿ ಸುಳ್ಳೇನಿರಲಿಲ್ಲ, ಬೆಲ್ಟಿಗೆ ಹೊಸ ತೂತು ಹಾಕಿಕೊಂಡಿದ್ದೆ. ಆದರೆ ಈ ಊರು ಬಿಟ್ಟರೆ ಕೆಂಪು ಬಾಗಿಲು, ಕುಂಟು ಮೇಜು ಎಲ್ಲ ಬಿಟ್ಟ ಹಾಗೆ. ನಾವಿಬ್ಬರೂ ಕೂತೆದ್ದ ಜಾಗಗಳೆಲ್ಲ ಇಲ್ಲಿವೆ. ಆ ಹಿಂದಿನ ರೂಮಿನಲ್ಲಿ ನನ್ನ ಹೆಂಡತಿ ಎಲ್ಲಿರುತ್ತಾಳೆ? ಹೋಗುವುದಕ್ಕೆ ನನಗೆ ಭಯವಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಮೆಟ್ಟಿಲು ಪಬ್ಬಿನಲ್ಲಿ ಕೆಲಸ ಬಿತ್ತು. ಬೀದಿಯಿಂದ ಮೆಟ್ಟಿಲಿಳಿದು ಹೋಗಬೇಕಾದ, ಹಗಲಲ್ಲೂ ದೀಪ ಉರಿಸುವ ಜಾಗ ಅದು. ಅದನ್ನು ನನ್ನ ಹೆಂಡತಿ ಎಂದೋ ಫೇಲು ಮಾಡಿದ್ದಳು. "ಫೋಟೋದಲ್ಲಿರೋ ಅಜ್ಜನೇ ಎದ್ದು ಬಂದು ಅಡುಗೆ ಮಾಡ್ದಂಗಿದೆ," ಎಂದು ಮೂಗು ಮುರಿದಿದ್ದಳು. ನಾನು ಪೈಪಿಗೆ ಮದ್ದು ತುಂಬಿಸಿ ಕಾಯುತ್ತಾ ಕೂತಿದ್ದೆ. ಮದ್ದಿನ ಘಾಟು ಮೂಗಿಗೆ ಹೊಡೆದರೆ ಬೇರೆ ವಾಸನೆಯೇ ಹತ್ತುವುದಿಲ್ಲ. ಅಂಥದ್ದರಲ್ಲಿ ಆ ಘಾಟನ್ನೂ ದಾಟಿಕೊಂಡು ಈರುಳ್ಳಿ ಬಾಡುವ ವಾಸನೆ ಬಂತು. ಅವಸರದಲ್ಲಿ ಕರಿದ ಈರುಳ್ಳಿಯದಲ್ಲ. ಯಾರೋ ಉರಿ ಸಣ್ಣ ಮಾಡಿ, ಪಕ್ಕದಲ್ಲೇ ನಿಂತು, ತಾಳ್ಮೆಯಿಂದ ತಿರುವುತ್ತಿದ್ದರು. ನನ್ನ ಹೊಟ್ಟೆ ತಾಳ ಹಾಕಿತು. ಅದು ಹಾಗೆ ಸದ್ದು ಮಾಡಿ ಎಷ್ಟು ಕಾಲವಾಗಿತ್ತೋ, ನನಗೇ ನಾಚಿಕೆಯಾಯಿತು.

ಬಾಗಿಲು ತೆರೆದ ಮೇಲೆ ಮೂಲೆಯಲ್ಲಿ, ಸೈಕಲ್ಲಿನ ಕೆಳಗಿನ ಇಬ್ಬರು ಕೂರುವ ಮೇಜಿನಲ್ಲಿ ಕೂತು ಸ್ಟ್ಯೂ ಹೇಳಿದೆ. "ಇನ್ನೊಬ್ರು ಬರ್ತಾರಾ ಸಾರ್?" ಎಂದು ಮಾಣಿ ಕೇಳಿದ. ಇಲ್ಲ ಎಂದೆ. ಎದುರಿನ ಚಮಚ ಎತ್ತಿಕೊಂಡು ಹೋದ. ಒಂಟಿಯಾದ ಮೇಲೆ ಹೋದಲ್ಲೆಲ್ಲ ಇದೇ ಗೋಳು, ಆ ಚಮಚ ಅಲ್ಲಿದ್ದರೆ ಇವರಪ್ಪನ ಗಂಟು ಏನು ಹೋಗುತ್ತದೋ.

ತಟ್ಟೆ ಬಂತು. ಆಲೂಗಡ್ಡೆಯ ಮೂಲೆ ಸವೆದಿತ್ತು. ಮೊದಲ ತುತ್ತು ಬಾಯಿಗಿಟ್ಟೆ, ಉಪ್ಪು ಗೊತ್ತಾಯಿತು. ಆಮೇಲೆ ಮೆಣಸು, ಆಮೇಲೆ ಮಾಂಸದ ರಸ. ಅವಳು ಹೋದ ಮೇಲೆ ಮೊದಲ ಬಾರಿಗೆ ನನಗೆ ರುಚಿ ಗೊತ್ತಾಯಿತು. ತಲೆ ಎತ್ತದೆ ತಿಂದೆ, ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ ತಿಂದೆ, ಬ್ಯಾಗು ಹೆಗಲಿಗೇರಿಸಿ ಎದ್ದು ಬಂದೆ. ಆ ಸಂಜೆ ನಾದಿನಿಗೆ ಹೇಳಿದ್ದು ನಿಜ. ಅವಳೂ ನಂಬಿದಳು.

ಅಂದಿನಿಂದ ಪೈಪು ತೊಳೆಯುವ ಸರದಿ ಇರಲಿ ಇಲ್ಲದಿರಲಿ, ವಾರಕ್ಕೊಮ್ಮೆ ಅಲ್ಲಿಗೆ ಹೋಗತೊಡಗಿದೆ. ಅಡುಗೆ ಮಾಡುವವರನ್ನು ನೋಡಿದ್ದಿಲ್ಲ. ಅಡುಗೆಮನೆ ಹಿಂದುಗಡೆ, ತಟ್ಟೆ ಬರುವ ಒಂದು ಗೂಡಿನಂಥ ಕಿಟಕಿ ಬಿಟ್ಟರೆ ಬೇರೇನೂ ಕಾಣದು. ಅಡುಗೆಯವರು ಮುಂದೆ ಬರಬಾರದೆಂದು ಆ ಪಬ್ಬಿನ ನಿಯಮ. ಆದರೆ ನನಗೆ ಆ ಕೈಯ ಪರಿಚಯ ಚೆನ್ನಾಗಿಯೇ ಆಯಿತು. ಒಂದು ವಾರ ಆಲೂಗಡ್ಡೆ ಚಿಕ್ಕದಾಗಿ ಹೆಚ್ಚಿರುತ್ತಿತ್ತು. ಮುಂದಿನ ವಾರ ಗೋಲಿಯಷ್ಟು ಪುಟ್ಟವನ್ನು ಸಿಪ್ಪೆ ಸಮೇತ ಇಡಿಯಾಗಿ ಹಾಕಿರುತ್ತಿದ್ದರು. ಆಮೇಲೊಮ್ಮೆ ಮೇಲೆ ಬೆಣ್ಣೆ, ಇನ್ನೊಮ್ಮೆ ಸೊಪ್ಪು, ಮತ್ತೊಮ್ಮೆ ಹಳದಿ ಬಣ್ಣದ ಬೇರೆ ಜಾತಿಯ ಆಲೂಗಡ್ಡೆ. ಎಂಥ ಕೈ ಇದು, ಒಂದೇ ಅಡುಗೆಯನ್ನು ಒಮ್ಮೆ ಮಾಡಿದಂತೆ ಇನ್ನೊಮ್ಮೆ ಮಾಡುವುದಿಲ್ಲವಲ್ಲ ಎಂದು ಮನಸ್ಸಿನಲ್ಲೇ ಭೇಷ್ ಅನ್ನುತ್ತಿದ್ದೆ. ಈ ವಾರ ಏನು ಮಾಡಿರಬಹುದು ಎಂದು ಯೋಚಿಸುತ್ತಾ ಮೆಟ್ಟಿಲಿಳಿಯುವುದೇ ಒಂದು ಸುಖವಾಗಿತ್ತು. ಬೆಲ್ಟಿನ ಹಳೆಯ ತೂತು ಮತ್ತೆ ಕೆಲಸಕ್ಕೆ ಬಂತು.

ಒಂದು ವಾರ ಹೋದರೆ ತಟ್ಟೆಯಲ್ಲಿ ಚೂಪು ಮೂಲೆಯ ಆಲೂಗಡ್ಡೆ. ಒಂದು ಚಮಚ ಬಾಯಿಗಿಟ್ಟು ಕೆಳಗಿಟ್ಟೆ. ಸದಾ ಕಿವಿಗೆ ಫೋನು ಅಂಟಿಸಿಕೊಂಡಿರುವ ಮ್ಯಾನೇಜರನ್ನು ಹಿಡಿದು ನಿಲ್ಲಿಸಿದೆ.

"ಅಡುಗೆಯವರು ಎಲ್ಲಿ?"

"ಬಿಟ್ ಹೋದ್ರು ಪೈಪಣ್ಣ. ಕೈ ಚೆನ್ನಾಗಿತ್ತು, ತಲೆ ಮಾತ್ರ ಕೆಟ್ಟಿತ್ತು ಆಯಮ್ಮಂಗೆ."

"ಯಾಕೆ, ಏನಾಯ್ತು?"

"ಯಾವನೋ ಗಿರಾಕಿ ವಾರ ವಾರ ಬಂದು ಸ್ಟ್ಯೂ ತಿಂದು ಒಂದು ಆಲೂಗಡ್ಡೆ ವಾಪಸ್ ಕಳಿಸ್ತಿದ್ನಂತೆ. ಒಂದೇ ಒಂದು, ಬೇಕೂಂತ ಅಂಚಿಗೆ ತಳ್ಳಿ. ಇವರು ಅದನ್ನೇ ತಲೆಗೆ ಹಚ್ಕೊಂಡ್ರು. ಆಲೂಗಡ್ಡೆ ಸರಿ ಇಲ್ಲ, ಬೇರೆ ಕಡೆಯಿಂದ ತರ್ಸಿ ಅಂತ ನನ್ನ ಪ್ರಾಣ ತಿಂದ್ರು. ಒಂದು ಸಲ ತರ್ಸಿದೆ, ಅದೂ ವಾಪಸ್ ಬಂತಂತೆ. ಮತ್ತೆ ಬೇರೆ ಬೇಕು ಅಂದ್ರು. ಒಂದು ಆಲೂಗಡ್ಡೆಗೋಸ್ಕರ ಎಷ್ಟು ಅಂತ ಕುಣಿಯೋದು? ಆಗಲ್ಲ ಅಂದೆ. ಏಪ್ರನ್ ಬಿಚ್ಚಿ ಕೌಂಟರ್ ಮೇಲಿಟ್ಟು ಹೊರಟೇ ಹೋದ್ರು."

ನನಗೆ ಮೈಯೆಲ್ಲ ಉರಿಯಿತು. "ಯಾವನ್ರೀ ಅವನು? ಅಂಥ ಊಟಕ್ಕೆ ಕೊಂಕು ತೆಗೆದವನು?"

"ಯಾರಿಗ್ ಗೊತ್ತು. ತಟ್ಟೆ ಎತ್ತೋರು ಇಲ್ಲಿ ವಾರಕ್ಕೊಬ್ರು ಬದಲಾಗ್ತಾರೆ, ಅವರಿಗೆ ಗಿರಾಕಿ ಮುಖ ನೆನಪಿರತ್ತಾ?"

"ಅವನ ನಾಲಿಗೆ ಬಿದ್ದು ಹೋಗ. ಬಾಯಿ ತುಂಬ ತಿನ್ನೋದು, ಕೊನೇಲಿ ಕೊಬ್ಬು ತೋರ್ಸೋದು. ನನ್ ಕೈಗೆ ಸಿಗ್ಲಿ, ಅವನಿಗೆ ಪೈಪಿನ ಮದ್ದೇ ಕುಡಿಸ್ತೀನಿ," ಎಂದು ಬಾಯಿಗೆ ಬಂದಂತೆ ಬೈದೆ. ಕೌಂಟರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಅವರ ಪರಿವೆಯೇ ಇರಲಿಲ್ಲ. ಆಕೆ ಎಲ್ಲಿಗೆ ಹೋದರೆಂದು ಮ್ಯಾನೇಜರಿಗೂ ಗೊತ್ತಿರಲಿಲ್ಲ, ಫೋನ್ ನಂಬರು ಬದಲಾಗಿತ್ತು. ಇನ್ನೊಂದು ಐರಿಶ್ ಪಬ್ಬಿಗೇ ಸೇರಿಕೊಂಡಿರಬೇಕು ಎಂದಷ್ಟೇ ಹೇಳಿದ.

ಹುಡುಕುವುದಕ್ಕೆ ಶುರು ಮಾಡಿದೆ. ನನ್ನ ಕೆಲಸವೇ ಪಬ್ಬಿನಿಂದ ಪಬ್ಬಿಗೆ ಹೋಗುವುದು, ಆದ್ದರಿಂದ ಕಷ್ಟವಾಗಲಾರದು ಅಂದುಕೊಂಡಿದ್ದೆ. ಆದರೆ ಇಷ್ಟು ದೊಡ್ಡ ಊರಿನಲ್ಲಿ, ಎಲ್ಲ ಗೋಡೆಗೂ ಒಂದೇ ಹಸಿರು ಬಳಿದಿರುವಾಗ, ಒಂದು ಕೈಯನ್ನು ಹುಡುಕುವುದು ಸುಲಭವಲ್ಲ. ಒಂದು ಕಡೆ ಸ್ಟ್ಯೂ ಎಂದರೆ ನೀರಿನಲ್ಲಿ ಈಜುವ ಕ್ಯಾರೆಟ್ಟು. ಇನ್ನೊಂದು ಕಡೆ ಹಿಟ್ಟು ಕದಡಿ ಗೋಡೆಗೆ ಪೋಸ್ಟರು ಅಂಟಿಸುವಷ್ಟು ಗಟ್ಟಿ ಮಾಡಿದ್ದರು. ಕೆಂಪು ಬಾಗಿಲಿನಲ್ಲಿ ಮಾಂಸ ಅಗಿದು ಅಗಿದು ದವಡೆ ನೋವು ಬಂತು. ಕುಂಟು ಮೇಜಿನ ಮಾಣಿ "ಎಲ್ಲಾ ಚೆನ್ನಾಗಿದೆ ಸಾರ್" ಅಂದ. ಅಭ್ಯಾಸಬಲದಿಂದ ಎದುರಿಗೆ ನೋಡಿದೆ. ಏಳೋಣ ಎಂದು ಕಣ್ಣಲ್ಲೇ ಹೇಳಬೇಕಾದವಳು ಅಲ್ಲಿರಲಿಲ್ಲ. ನಾನೊಬ್ಬನೇ ಎದ್ದು ಬಂದೆ. ಹೋದಲ್ಲೆಲ್ಲ ಎರಡನೆಯ ಚಮಚ ಎತ್ತಿಕೊಂಡು ಹೋದರು. ನಾನು ಅರ್ಧ ತಟ್ಟೆ ಬಿಟ್ಟು ಏಳುತ್ತಿದ್ದೆ.

ಚಳಿ ಮುಗಿದು ಬಿಸಿಲು ಬಂತು. ಸಂಜೆಯ ಫೋನಿಗೆ ಮತ್ತೆ ಸುಳ್ಳು ಹೇಳತೊಡಗಿದ್ದೆ. ಒಂದು ದಿನ ನಾದಿನಿ ಸಹನೆ ಕಳೆದುಕೊಂಡಳು. "ಸಾಕು ಭಾವ. ಮಕ್ಕಳ ಪರೀಕ್ಷೆ ಮುಗೀಲಿ, ನಾನೇ ಬಂದು ಕರ್ಕೊಂಡು ಬರ್ತೀನಿ. ಇನ್ ನಿಮ್ಮ ಮಾತು ಕೇಳಲ್ಲ." ವಾದಿಸುವ ಶಕ್ತಿ ನನಗಿರಲಿಲ್ಲ. ಆಯ್ತು ಬಾಮ್ಮ ಎಂದುಬಿಟ್ಟೆ. ಫೋನಿಟ್ಟ ಮೇಲೆ ಕತ್ತಲಾಗುವವರೆಗೂ ದೀಪ ಹಾಕದೆ ಕೂತಿದ್ದೆ. ಹೆಂಡತಿಯನ್ನು ಇನ್ನೊಂದು ಸಲ ಕಳೆದುಕೊಳ್ಳುವುದಕ್ಕೆ ಒಪ್ಪಿಗೆ ಕೊಟ್ಟ ಹಾಗೆ ಅನ್ನಿಸಿತು.

ಬಸ್ ಡಿಪೋ ಎದುರು ಹೊಸದಾಗಿ ಒಂದು ಐರಿಶ್ ಪಬ್ಬು ತೆರೆದಿದ್ದರು. ಕೆಲಸ ಬಿಡುವುದಾಗಿ ನಮ್ಮ ಆಫೀಸಿಗೆ ಹೇಳಿಯಾಗಿತ್ತು, ಇದೊಂದು ಪೈಪು ನೋಡಿಬಿಡು ಎಂದು ಕಳಿಸಿದರು. ಹೊಸ ಪೈಂಟಿನ ವಾಸನೆ, ಗೋಡೆಯ ಮೇಲೆ ಹಳೆಯ ಅಜ್ಜ, ತುಕ್ಕಿನ ಬಣ್ಣ ಹೊಡೆದ ಹೊಸ ಸೈಕಲ್ಲು. ಮದ್ದು ತುಂಬಿಸಿ, ಒಂದು ಸ್ಟೂಲು ಎಳೆದುಕೊಂಡು ಕೂತೆ. ಕೂತವನಿಗೆ ಈರುಳ್ಳಿಯ ವಾಸನೆ ಬಂತು. ಅದೇ ಸಣ್ಣ ಉರಿ, ಅದೇ ತಾಳ್ಮೆ. ನಾನು ಎದ್ದು ನಿಂತೆ, ಮತ್ತೆ ಕೂತೆ. ಅಡುಗೆಮನೆಗೆ ನುಗ್ಗಿ ನೋಡಿಬಿಡೋಣವೆನಿಸಿತು. ಅಪ್ಪಿತಪ್ಪಿ ಆ ಕೈಯಲ್ಲದಿದ್ದರೆ ತಡೆದುಕೊಳ್ಳಲಾರೆ ಎಂದು ಹೋಗಲಿಲ್ಲ. ತಟ್ಟೆಯೇ ಹೇಳಲಿ ಎಂದುಕೊಂಡೆ. ಅಲ್ಲಿ ಬಿಯರು ಸಂಜೆಗೇ, ಮಧ್ಯಾಹ್ನ ಊಟ ಮಾತ್ರ, ಊಟದ ಹೊತ್ತಾದ ಕೂಡಲೇ ಇಬ್ಬರು ಕೂರುವ ಮೇಜಿನಲ್ಲಿ ಕೂತು ಸ್ಟ್ಯೂ ಹೇಳಿದೆ.

ತಟ್ಟೆ ಹೇಳಿತು. ಮೊದಲ ತುತ್ತಿಗೇ ಕಣ್ಣು ತುಂಬಿ ಬಂತು. ನಾಳೆ ನಾದಿನಿಗೆ ಏನು ಹೇಳಲಿ, ಆಫೀಸಿಗೆ ಏನು ಹೇಳಲಿ ಎಂದೆಲ್ಲ ಲೆಕ್ಕ ಹಾಕುತ್ತಾ, ಹಸಿದವನಂತೆ ತಿಂದು ಮುಗಿಸಿದೆ. ಮಾಣಿ ತಟ್ಟೆ ಎತ್ತಿಕೊಂಡು ಹೋದ. ನಾನು ಬಗ್ಗಿ ಮೇಜಿನಡಿಯ ಬ್ಯಾಗಿಗೆ ಕೈ ಹಾಕಿದ್ದೆ.

"ಇದು ಯಾರ ತಟ್ಟೆ?"

ತಲೆ ಎತ್ತಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು. ನನ್ನ ಹೆಂಡತಿಗಿಂತ ನಾಲ್ಕೈದು ವರ್ಷ ಚಿಕ್ಕವರಿರಬೇಕು. ತೋಳು ಮಡಚಿದ ಅಂಗಿ, ಹೆಗಲ ಮೇಲೆ ಟವೆಲು, ಕೈಯಲ್ಲಿ ತಟ್ಟೆ. ಮಾಣಿ ನನ್ನ ಕಡೆ ಗದ್ದ ತೋರಿಸಿದ. ಆಕೆ ಬಂದವರೇ ತಟ್ಟೆಯನ್ನು ನನ್ನ ಮುಂದೆ ಕುಕ್ಕಿದರು.

"ಏನ್ ಕೊರತೆ ಇದಕ್ಕೆ?"

ನಾನು ತಟ್ಟೆ ನೋಡಿದೆ. ಕನ್ನಡಿಯ ಹಾಗೆ ಒರೆಸಿಟ್ಟಿದ್ದೆ. ಆದರೆ ಅದರ ಆ ಕಡೆಯ ಅಂಚಿನಲ್ಲಿ, ಖಾಲಿ ಕುರ್ಚಿಯ ಮುಂದೆ, ರಸ ಕುಡಿದು ಕಂದಾದ ಒಂದು ಆಲೂಗಡ್ಡೆ ಕೂತಿತ್ತು. ಅದನ್ನು ಅಲ್ಲಿಗೆ ತಳ್ಳಿದ ನೆನಪೇ ನನಗಿರಲಿಲ್ಲ. ನನ್ನ ಕೈ ತಾನಾಗಿ ತಳ್ಳಿತ್ತು.

"ಬೆಂದಿಲ್ವಾ? ಉಪ್ಪು ಜಾಸ್ತೀನಾ? ಬಾಯಿಬಿಟ್ಟು ಹೇಳಿ. ಆ ಮೆಟ್ಟಿಲಿಳಿದು ಹೋಗೋ ಪಬ್ಬಿಗೂ ಬರ್ತಿದ್ದೋರು ನೀವೇ ತಾನೇ? ಇದೇ ತರ, ಇದೇ ಅಂಚಿಗೆ. ಚಿಕ್ಕದಾಗಿ ಹೆಚ್ಚಿದೆ, ಬಿಟ್ರಿ. ಸಿಪ್ಪೆ ಸಮೇತ ಹಾಕ್ದೆ, ಬಿಟ್ರಿ. ಬೆಣ್ಣೆ ಹಾಕ್ದೆ, ಸೊಪ್ಪು ಹಾಕ್ದೆ, ಬೇರೆ ಆಲೂಗಡ್ಡೆ ತರ್ಸ್ದೆ. ವಾಪಸ್ ಬಂದ ತಟ್ಟೆ ನೋಡಿದ್ರೆ ಸಾಕು, ತಿಂದೋರ ಮನಸ್ಸಲ್ಲಿ ಏನಿದೆ ಅಂತ ನಾನು ಹೇಳ್ತೀನಿ. ನಿಮ್ಮ ತಟ್ಟೆ ಮಾತ್ರ ನಂಗೆ ಬಗೆಹರೀಲೇ ಇಲ್ಲ. ಮನೇಗೆ ಹೋಗಿ ಒಬ್ಳೇ ಕೂತ್ಕೊಂಡು ಇದನ್ನೇ ಯೋಚ್ನೆ ಮಾಡ್ತಿದ್ದೆ. ನನ್ ಕೈಗುಣಾನೇ ಹೋಯ್ತೇನೋ ಅಂತ ಅಳ್ತಿದ್ದೆ, ಗೊತ್ತಾ ನಿಮಗೆ?"

ಮೆಟ್ಟಿಲು ಪಬ್ಬಿನ ಕೌಂಟರಿನಲ್ಲಿ ನಿಂತು ನಾನು ಹಾಕಿದ ಹಿಡಿಶಾಪವೆಲ್ಲ ನೆನಪಾಯಿತು. ಆ ಕೊಬ್ಬಿದ ಗಿರಾಕಿ ನಾನೇ. ನಾನು ಭೇಷ್ ಭೇಷ್ ಎಂದು ಸವಿದದ್ದೆಲ್ಲ ಈಕೆಯ ಸಂಕಟ. ವಾರ ವಾರವೂ ಈಕೆ ನನ್ನನ್ನು ಏನು ಕೊರತೆ ಎಂದು ಕೇಳುತ್ತಿದ್ದರು, ನಾನು ವಾರ ವಾರವೂ ಅದೇ ಒಂದು ಆಲೂಗಡ್ಡೆಯ ಉತ್ತರ ಕಳಿಸುತ್ತಿದ್ದೆ.

"ಕೊರತೆ ಏನೂ ಇಲ್ಲಮ್ಮ," ಎಂದೆ. "ಅದು ನನ್ ಹೆಂಡ್ತೀದು."

ಆಕೆ ಎದುರಿನ ಕುರ್ಚಿ ನೋಡಿದರು. "ಎಲ್ಲಿದಾರೆ?"

"ಇಲ್ಲ."

"ಊರಲ್ಲಿಲ್ವಾ?"

"ಎಲ್ಲೂ ಇಲ್ಲ."

ಆಕೆ ಹೆಗಲ ಟವೆಲು ತೆಗೆದು, ಒದ್ದೆ ಇಲ್ಲದ ಕೈಗಳನ್ನು ಒರೆಸಿಕೊಂಡರು. ಆಮೇಲೆ ಆ ಖಾಲಿ ಕುರ್ಚಿಯನ್ನು ಬಿಟ್ಟು, ಪಕ್ಕದ ಮೇಜಿನಿಂದ ಇನ್ನೊಂದನ್ನು ಎಳೆದುಕೊಂಡು ಕೂತರು. ಅದಕ್ಕೆ ನಾನು ಆಕೆಗೆ ಇವತ್ತಿಗೂ ಋಣಿ. ನಾನು ಒಂದು ತಟ್ಟೆ ಎರಡು ಚಮಚದ ಕಥೆ ಹೇಳಿದೆ. ನಾಟಕದ ಕಥೆಯನ್ನೂ ಹೇಳಿದೆ. ಎಷ್ಟೋ ದಿನದಿಂದ ಮಾತಾಡದವನ ಹಾಗೆ ಹಿಂದುಮುಂದಾಗಿ ಹೇಳಿದೆ. ಆಕೆ ನಡುವೆ ಬಾಯಿ ಹಾಕದೆ ಕೇಳಿದರು.

"ಹಾಗಾದ್ರೆ ನನ್ ಅಡುಗೇಲಿ ತಪ್ಪಿರ್ಲಿಲ್ಲ," ಎಂದು ಕೊನೆಗೆ ತಮಗೆ ತಾವೇ ಹೇಳಿಕೊಂಡರು. ಒಂದು ಗಳಿಗೆ ಅವರ ಮುಖ ಹಗುರವಾಯಿತು, ಮರುಗಳಿಗೆ ಹಾಗಾದದ್ದಕ್ಕೆ ನಾಚಿದರು. "ಇರಿ, ತಣ್ಣಗಾಗಿದೆ," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ತಿರುಗಿ ಬಂದಾಗ ಅದೇ ಆಲೂಗಡ್ಡೆ ಹಬೆಯಾಡುತ್ತಿತ್ತು, ಸುತ್ತ ಎರಡು ಚಮಚ ರಸ. ಈ ಸಲ ತಟ್ಟೆಯನ್ನು ಮೆಲ್ಲಗೆ ಇಟ್ಟರು. ಆಲೂಗಡ್ಡೆ ಇದ್ದದ್ದು ನನ್ನ ಕಡೆಯ ಅಂಚಿನಲ್ಲಿ.

"ಅವರು ಬರಲ್ಲಣ್ಣ. ನೀವು ತಿನ್ನಿ."

ನನ್ನ ಕೈ ಮೇಲೇಳಲಿಲ್ಲ. ಮದುವೆಯಾದಂದಿನಿಂದ ಕೊನೆಯ ಆಲೂಗಡ್ಡೆ ನಾನು ತಿಂದವನಲ್ಲ. ಆಕೆ ಕೈ ಕಟ್ಟಿಕೊಂಡು ಪಕ್ಕದಲ್ಲೇ ನಿಂತರು, ಹೋಗುವ ಹಾಗೆ ಕಾಣಲಿಲ್ಲ. ಚಮಚ ತೆಗೆದುಕೊಂಡೆ. ಒತ್ತುವ ಮೊದಲೇ ಅದು ಎರಡಾಯಿತು. ರಸದಲ್ಲಿ ಹೊರಳಿಸಿ ಬಾಯಿಗಿಟ್ಟೆ.

ಆ ರುಚಿಯನ್ನು ಏನೆಂದು ಹೇಳಲಿ. ಇಡೀ ತಟ್ಟೆಯ ಮಾಂಸ, ಈರುಳ್ಳಿ, ಮೆಣಸು ಎಲ್ಲ ಆ ಒಂದು ಚೂರಿನೊಳಗೆ ಸೇರಿಕೊಂಡಿತ್ತು. ನಾನು ಇಷ್ಟು ವರ್ಷ ತಿಂದದ್ದು ಸ್ಟ್ಯೂವೇ ಅಲ್ಲ ಅನ್ನಿಸಿತು. ದಿಗ್ಭ್ರಮೆಯಿಂದ ಆಕೆಯ ಮುಖ ನೋಡಿದೆ.

"ಕೊನೇಲಿ ಉಳಿದಿದ್ದು ರಸ ಎಲ್ಲಾ ಕುಡ್ಕೊಂಡಿರತ್ತೆ," ಎಂದರು ಆಕೆ. "ಅಡುಗೆ ಮಾಡೋರು ತಮಗೆ ಅಂತ ಎತ್ತಿಡೋದೇ ಅದನ್ನ. ನಿಮ್ಮನೆಯವರಿಗೆ ಗೊತ್ತಿತ್ತು ಅನ್ಸತ್ತೆ."

ಗೊತ್ತಿತ್ತೇ? ಆಲೂಗಡ್ಡೆಯ ಮೂಲೆ ನೋಡಿ ಇಡೀ ಅಡುಗೆಮನೆಯ ಜಾತಕ ಹೇಳುತ್ತಿದ್ದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಕಳ್ಳಿ. ನನ್ನ ಕೈಲಾಗಲ್ಲ, ಹೊಟ್ಟೆ ತುಂಬಿದೆ, ಪೀಪಾಯಿ ಮಾಡಿಟ್ಟಿದೀರಿ ಎಂದು ಬೈಯುತ್ತಲೇ, ತಟ್ಟೆಯಲ್ಲಿ ಎಲ್ಲಕ್ಕಿಂತ ರುಚಿಯಾದದ್ದನ್ನು ವಾರ ವಾರವೂ ಅವಳೇ ಹೊಡೆದಿದ್ದಳು. ಅದರ ಮೇಲೆ ತ್ಯಾಗಿಯೆಂಬ ಬಿರುದನ್ನು ನನಗೆ ಬಿಟ್ಟುಕೊಟ್ಟಿದ್ದಳು. ನನಗೆ ನಗು ಬಂತು. ಅಷ್ಟು ಜನರ ಮುಂದೆ ಜೋರಾಗಿಯೇ ನಕ್ಕೆ. ಈಗಿಂದೀಗಲೇ ಹೋಗಿ ಅವಳನ್ನು ಹಿಡಿದು, ಸಿಕ್ಕಿಬಿದ್ದೆಯಲ್ಲೇ ಎಂದು ಕೇಳಬೇಕು ಅನ್ನಿಸಿತು. ಹೋಗಿ ಕೇಳುವುದಕ್ಕೆ ಅವಳಿರಲಿಲ್ಲ. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ನನಗೆ ತಿಳಿಯಲಿಲ್ಲ.

ಉಳಿದರ್ಧವನ್ನೂ ತಿಂದೆ. ತಟ್ಟೆ ಖಾಲಿಯಾಯಿತು. ಈ ಕಡೆಯ ಅಂಚೂ ಖಾಲಿ, ಆ ಕಡೆಯ ಅಂಚೂ ಖಾಲಿ. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದಾಗ, ಅವಳ ಬಟ್ಟೆಗಳನ್ನು ನಾದಿನಿ ಗಂಟು ಕಟ್ಟಿದಾಗ, ಆಗೆಲ್ಲ ಕಿವಿಗೆ ಬಿದ್ದದ್ದು ಆ ಮೇಜಿನ ಮುಂದೆ ನನ್ನ ಎದೆಗೆ ಇಳಿಯಿತು. ನನ್ನ ಹೆಂಡತಿ ಸತ್ತಿದ್ದಾಳೆ. ಅಡುಗೆಯಾಕೆ ನನ್ನ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು, ಖಾಲಿ ತಟ್ಟೆಯನ್ನು ತಾವೇ ಎತ್ತಿಕೊಂಡು ಹೋದರು. ಮಾಣಿಗೆ ಅದನ್ನು ಮುಟ್ಟಗೊಡಲಿಲ್ಲ.

ಮದ್ದು ಪೈಪಿನಲ್ಲೇ ಇತ್ತು. ಇಳಿದು ಹೋಗಿ, ನೀರು ತಿಳಿಯಾಗುವವರೆಗೆ ಹಾಯಿಸಿ ಮನೆಗೆ ಬಂದೆ. ಸಂಜೆ ಫೋನು ಬಂತು.

"ಭಾವ, ಊಟ ಆಯ್ತಾ?"

"ಆಯ್ತಮ್ಮ."

"ನಿಜ ಹೇಳಿ. ಏನ್ ತಿಂದ್ರಿ?"

"ಸ್ಟ್ಯೂ. ಪೂರ್ತಿ ತಟ್ಟೆ. ನಿಮ್ಮಕ್ಕನ ಪಾಲೂ ನಾನೇ ತಿಂದ್ಬಿಟ್ಟೆ."

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಅವಳು ಫೋನಿಡಲಿಲ್ಲ, ನಾನೂ ಇಡಲಿಲ್ಲ. ಆಮೇಲೆ, ರುಚಿಯಾಗಿತ್ತಾ ಭಾವ ಎಂದು ಕೇಳಿದಳು. ಹೂಂ ಎಂದೆ.